ಲಾಳಿ ನಿಂತ ಹೊತ್ತು

"ಎಷ್ಟು ಗಂಟೆಗೆ ಶುರುವಾಯಿತು?"
ಪಾಟಿಯಷ್ಟಗಲ ಗಾಜಿನೊಳಗಿಂದ, ಬೆಳಗಾವಿಯಿಂದ
ಡಾಕ್ಟರು ಮೊದಲು ಕೇಳಿದ್ದು ಅದನ್ನ.
ಜಮಖಂಡಿ ಆಸ್ಪತ್ರೆ, ನಾಕನೇ ಹಾಸಿಗಿ.
ದಾನವ್ವನ ಬಾಯಿ ಒಂದ ಕಡೆ ಸರದಿತ್ತು,
ಯಾರೋ ದಾರ ಹಿಡದು ಜಗ್ಗಿದಂಗ.

ಮಗ ಊಟಕ್ಕ ಕುಂತಿದ್ದನಂತ, ನೋಡಿಲ್ಲ.
ಸೊಸಿ ಅಂದ್ಲು, ಸಂಜಿಮುಂದ ಅರಾಮ ಇದ್ರು.
ಸಂಜಿಮುಂದ ಅಂದರ ಲೆಕ್ಕಕ್ಕ ಬರೂದಿಲ್ಲ.
ನಾಕೂವರಿ ತಾಸು ದಾಟಿದರ
ಹೆಪ್ಪು ಕರಗಿಸೋ ಔಷಧ
ಶೀಶೆದಾಗ ಇರತೈತಿ, ಕೊಡಾಕ ಬರೂದಿಲ್ಲ.

ಬಾಗಲದಾಗ ನಿಂತಿದ್ದ ರಾಜೇಸಾಬ,
ರಬಕವಿಯೊಳಗ ಆಕಿ ಗ್ವಾಡಿಗೆ ಗ್ವಾಡಿ ಹಚ್ಚಿ ನೇಯುವವ,
ಟೊಪಗಿ ಕೈಯಾಗ ಹಿಡಕೊಂಡು ಅಂದ:
"ಹತ್ತೂ ಹತ್ತರ ಮುಧೋಳ ಬಸ್ಸು
ತಿರುವಿನ್ಯಾಗ ಹಾರ್ನ್ ಹೊಡೀತ್ರಿ.
ಆಮ್ಯಾಲ ಅಕ್ಕನ ಲಾಳಿ ಎರಡ ಸಲ ಓಡಿತು.
ಮೂರನೇದು ಬರಲಿಲ್ಲ."

ಡಾಕ್ಟರು ಒಂದು ಗಳಿಗಿ ಸುಮ್ಮನಿದ್ದರು.
ಹತ್ತು ಗಂಟೆ ಹನ್ನೊಂದು ನಿಮಿಷ, ಎಂದು ಬರೆದುಕೊಂಡರು.

ಅವರಿಗೆ ಕಣ್ಣಿತ್ತು, ಕೈ ನಂದು.
"ಕಸ್ತೂರಿ ಸಿಸ್ಟರ್, ಎರಡೂ ತೋಳು ಎತ್ತಿ ಬಿಡಿ, ಹತ್ತು ಎಣಿಸಿ."
ಎಡಗೈ ಹತ್ತರತನಕ ನಿಂತಿತು.
ಬಲಗೈ ಮೂರು ಅನ್ನೂದರೊಳಗ ಬಿತ್ತು,
ನನ್ನ ಅಂಗೈಯಾಗ ಬಿತ್ತು.
ಅದರ ಭಾರ ಅವರಿಗೆ ಹೆಂಗ ಕಾಣಬೇಕು?
ಅಷ್ಟರಾಗ ನೆಟ್‌ವರ್ಕ್ ಹೋತು.
ಡಾಕ್ಟರ ಬಾಯಿ ಅರ್ಧ ತೆರದು ನಿಂತುಬಿಡ್ತು,
ಒಂದು ಗಲ್ಲ ಚೌಕ ಚೌಕ.
ಗಾಲಿ ಕಿರಗುಡೋ ಹಾಸಿಗಿ ದೂಡಿಕೊಂಡು
ಕಿಟಕಿ ಕಡೆ ಹೋದಿವಿ, ಆಕಾಶ ಕಾಣೋತನಕ.

ಸ್ಕ್ಯಾನಿನ್ಯಾಗ ರಕ್ತ ಸೋರಿದ ಗುರುತಿಲ್ಲ.
ಇನ್ನ ಚಿತ್ರದ ಪರೀಕ್ಷಾ.
ಇದೇನು? "ಡಬಗಳ್ಳಿ."
ನಾಲಿಗಿ ತೊಡರಿದರೂ ಮಾತು ತಿಳೀತು.
ಎರಡು ಗಿಡದ ನಡುವ ಕಟ್ಟಿದ ಬಲಿ, ಅದರಾಗ ಮಲಗೋದು.
ಇದೇನು? "ತೊಟ್ಲ."
ಡಾಕ್ಟರು ಕರಾವಳಿಯವರು. "ತೊಟ್ಟಿಲು ಅಲ್ಲವಲ್ಲ?" ಅಂದರು,
ಪೆನ್ನು ಎತ್ತಿದ್ದು ಕಂಡಿತು.
ನಿಲ್ರಿ ಸರ್. ಆಕಿ ಕಂಡದ್ದು ತೊಟ್ಲ ಒಂದ.
ಸೀರಿ ಕಟ್ಟಿ, ಮಗ್ಗದ ತೊಲಿಗೆ ತೂಗಹಾಕಿ
ನಾಕು ಕೂಸು ಬೆಳಸ್ಯಾಳ. ಅದು ತಪ್ಪಲ್ಲ.
ಕೈಗವಸು ತೋರಿಸಿದಿವಿ, "ಕೈಗೆ ಹಾಕೋ ಕಾಲಚೀಲ" ಅಂದ್ಲು.
ಅದೂ ತಪ್ಪಲ್ಲ ಸರ್.
ಕಡೀಗೆ ಹಕ್ಕಿಯ ಗರಿ.
ಭಾಳ ಹೊತ್ತು ನೋಡಿದ್ಲು.
"ಲಾಳಿ."
ಅದು ತಪ್ಪು, ಅಂದೆ. ಹೇಳೋಮುಂದ ಗಂಟಲು ಒಣಗಿತ್ತು.

ತೂಕ? ತೂಗೋ ಮಷೀನ್ ರಿಪೇರಿಗೆ ಹೋಗಿ ಹದಿನೈದು ದಿನ.
ಕುಣಿಮಗ್ಗದಿಂದ ಆಕಿನ ಎತ್ತಿಕೊಂಡವ ರಾಜೇಸಾಬ.
"ಐವತ್ತು ಕಿಲೋದ ನೂಲಿನ ಗಂಟು ದಿನಾ ಹೊರತೇನ್ರಿ.
ಅಕ್ಕ ಅದಕ್ಕಿಂತ ಚೂರು ಹಗೂರ."
ನಲವತ್ತೆಂಟು, ಅಂದರು ಡಾಕ್ಟರು. ಔಷಧ ಅಳದೆ.
ಸೂಜಿ ಒಳಗ ಹೋದಾಗ ಹನ್ನೆರಡೂ ಮೂವತ್ತೈದು.

ಆಮೇಲೆ ಹದಿನೈದು ನಿಮಿಷಕ್ಕೊಮ್ಮೆ ಬಿಪಿ, ಹನಿ, ಗಡಿಯಾರ.
ನನಗ ಹೋದ ತಿಂಗಳ ಹುಡುಗ ನೆನಪಾದ.
ಲಕ್ವಾ ಹೊಡದದ್ದು ರಾತ್ರಿ;
ಪಾರಿವಾಳ ಕೊಯ್ದು, ಬಿಸಿ ರಕ್ತ ಮೈಗೆ ಹಚ್ಚಿ
ಮರುದಿನ ಮಧ್ಯಾಹ್ನ ತಂದರು.
ಅಂಗಿ ಮ್ಯಾಲೆ ಸಣ್ಣ ಬೂದು ಪುಕ್ಕ ಅಂಟಿಕೊಂಡಿತ್ತು.
ಅವನ ಚೀಟಿಯೊಳಗ ವೇಳೆಯ ಜಾಗ ಇನ್ನೂ ಖಾಲಿ.

ಮೂರಕ್ಕ ಡಾಕ್ಟರು ಮತ್ತ ಬಂದರು,
ಕಣ್ಣು ಕೆಂಪು, ಹಿಂದ ಅವರ ಮನಿಯ ಪರದೆ.
ಅದೇ ಗರಿ ಹಿಡದೆ. ಇದೇನು?
ದಾನವ್ವ ನನ್ನ ನೋಡಿದ್ಲು, ಗಾಜಿನ ಕಡೆ ನೋಡಿದ್ಲು.
"ಎಷ್ಟ ಸಲ ಕೇಳ್ತೀರಿ? ಪುಚ್ಚ ಅದು."
ಗರಿ ಅಲ್ಲವೇ, ಅನ್ನಲಿಲ್ಲ ಡಾಕ್ಟರು.
ಈ ಸಲ ನನ್ನ ಮುಖ ನೋಡಿದರು, ನಾ ತಲಿಯಾಡಿಸಿದೆ.

ಶ್ರಾವಣದಾಗ ರಾಜೇಸಾಬ ಬಿಪಿ ಗುಳಿಗಿಗೆ ಬಂದಿದ್ದ.
ಅಕ್ಕ ಹೆಂಗದಾಳ, ಅಂತ ಕೇಳಿದೆ.
"ನೇಯ್ತಾಳ್ರಿ. ದಿನಕ್ಕ ಅರ್ಧ ಮೊಳ.
ಲಾಳಿ ಎಡದಿಂದ ಬಲಕ್ಕ ಸರಳ ಹೋಕ್ಕೈತಿ,
ಬಲದಿಂದ ಬರೂದು ತುಸು ತಡ.
ಗ್ವಾಡಿ ಈಚೆ ನಾನೂ
ಅಷ್ಟಕ್ಕ ಕೈ ನಿಲ್ಲಸತೇನ್ರಿ,
ಅದು ಬರೋತನಕ."